ಕಲಕತ್ತೆಯಿಂದ ಮುಂಬಯಿ ಎರಡೂವರೆ ತಾಸು

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ, ಎಷ್ಟು ಹೊತ್ತಿನ ಹಾದಿ ಎಂದು ಯಾರಾದರೂ ಈಗ ನನ್ನೆದುರು ಮಾತು ತೆಗೆದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಎದ್ದು ಹೋಗಲಾಗದ ಜಾಗವಾದರೆ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಒಂದು ಕಾಲಕ್ಕೆ ಇದೇ ಲೆಕ್ಕ ನನ್ನ ದೊಡ್ಡಸ್ತಿಕೆಯಾಗಿತ್ತು ಎಂದು ನೆನೆದರೆ ನನ್ನ ಮೇಲೆ ನನಗೇ ವಾಕರಿಕೆ ಬರುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳಿಂದ ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ವಾರವೆಲ್ಲ ಅಲ್ಲಿ ಬಾಡಿಗೆ ಖೋಲಿ, ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಶಿರಗುಪ್ಪಿಯ ಮನೆಗೆ. ಶಾಲೆಯಲ್ಲಿ ಒಂದು ಹಳೆಯ ಗೋಲವಿತ್ತು, ಆಫ್ರಿಕಾದ ಮೇಲೆ ಶಾಯಿ ಚೆಲ್ಲಿತ್ತು. ಅದರ ಮೇಲೆ ಹೊಲಿಗೆಯ ದಾರ ಬಿಗಿಹಿಡಿದು ಊರಿಂದ ಊರಿಗೆ ಅಳೆಯುವುದು ನನ್ನ ಚಟ. ಭೂಮಿ ದುಂಡಗಿರುವುದರಿಂದ ವಿಮಾನದ ಹಾದಿಯನ್ನು ನಕಾಶೆಯ ಮೇಲೆ ಪಟ್ಟಿ ಇಟ್ಟು ಅಳೆಯಬಾರದು, ದಾರವೇ ಬೇಕು. ಅಳೆದದ್ದನ್ನು ಕಿಲೋಮೀಟರಿಗೆ ತಿರುಗಿಸಿ, ವಿಮಾನದ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ತಾಸು ಸೇರಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮುಂಬಯಿಯಿಂದ ಲಂಡನ್, ದಿಲ್ಲಿಯಿಂದ ಮಾಸ್ಕೋ, ಮದ್ರಾಸಿನಿಂದ ಸಿಂಗಾಪುರ, ಎಲ್ಲ ಬಾಯಿಪಾಠ. ಇಷ್ಟೆಲ್ಲ ಬರೆದ ನಾನು ವಿಮಾನ ನಿಲ್ದಾಣದ ಗೇಟು ಕೂಡ ನೋಡಿರಲಿಲ್ಲ. ನಾನು ಕಂಡ ಅತಿ ದೂರದ ಊರು ಪುಣೆ, ಅದೂ ರೈಲಿನಲ್ಲಿ ನಿಂತುಕೊಂಡು.

ಈ ಚಟಕ್ಕೆ ನೀರೆರೆದವನು ನನ್ನ ಸೋದರಮಾವ. ಅಕ್ಕೋಳದವನು, ತಂಬಾಕು ಬೆಳೆದು ನಿಪ್ಪಾಣಿಯಲ್ಲಿ ಮಾರುತ್ತಿದ್ದ. ರಾಯಬಾಗದಲ್ಲಿ ಮದುವೆಯಿರಲಿ, ಅಥಣಿಯಲ್ಲಿ ಸೀಮಂತವಿರಲಿ, ಊಟದ ಪಂಕ್ತಿಯಲ್ಲಿ ನನ್ನನ್ನು ನಡುವೆ ಕೂಡಿಸಿ, "ಕೇಳ್ರಿ ನಮ್ಮ ಅಳಿಯಗ. ಜಗತ್ತಿನ್ಯಾಗ ಯಾವ ಎರಡ ಊರ ಬೇಕಾದ್ರೂ ಕೇಳ್ರಿ. ವಿಮಾನ ಎಷ್ಟ ತಾಸ ಹಿಡೀತೈತಿ, ನಿಂತ ಕಾಲಮ್ಯಾಲೆ ಹೇಳ್ತಾನ" ಎನ್ನುತ್ತಿದ್ದ. ಜನ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಸರಿಯೋ ತಪ್ಪೋ ನೋಡುವವರು ಯಾರೂ ಇರಲಿಲ್ಲ. ಒಮ್ಮೆ ಮಾತ್ರ ನಿಪ್ಪಾಣಿಯಲ್ಲಿ, ನಿಜವಾಗಿ ವಿಮಾನ ಹತ್ತಿ ಬಂದಿದ್ದ ಒಬ್ಬ ವ್ಯಾಪಾರಿ ಎಲೆಯಡಿಕೆ ಉಗುಳಿ ಬಂದು, "ಮಾಸ್ತರ, ನೀವು ಹೇಳೂದು ವಿಮಾನದ ತಾಸ. ಮನಶ್ಯಾ ಮನಿ ಬಿಟ್ಟ ಮನಿ ಮುಟ್ಟೂ ತಾಸ ಬ್ಯಾರೆನ ಐತ್ರಿ" ಎಂದ. ಅವನು ಹೇಳಿದ್ದು ಖರೆ ಎಂದು ನನಗೆ ಆಗಲೇ ಗೊತ್ತಾಯಿತು. ಆದರೂ ಅವನ ಮುಖಕ್ಕೆ ನಕ್ಕೆ, ಪಂಕ್ತಿಯೂ ನನ್ನ ಜೊತೆ ನಕ್ಕಿತು.

ಇನ್ನು ನನ್ನ ಅವ್ವನ ಮಾತು. ನಾವು ಜೈನರು, ಒಕ್ಕಲುತನದವರು. ಅವ್ವನಿಗೆ ಶಾಲೆ ಗೊತ್ತಿರಲಿಲ್ಲ, ಬಸದಿ ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವಳು ಒಂದು ಅಗುಳು ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಬಾವಿಯ ನೀರನ್ನು ಎರಡು ಪದರಿನ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಆ ಅರಿವೆಯನ್ನು ಮತ್ತೆ ಬಾವಿಯ ನೀರಿನಲ್ಲೇ ಜಾಲಿಸಿ ಬರುತ್ತಿದ್ದಳು. ಮೊಣಕಾಲು ಹಿಡಿದುಕೊಂಡ ಮೇಲೂ ಈ ಕೆಲಸವನ್ನು ಬೇರೆ ಯಾರಿಗೂ ಬಿಡಲಿಲ್ಲ. ನಮ್ಮಲ್ಲಿ ಒಂದು ನಂಬಿಕೆಯುಂಟು: ಜೀವ ಹೋದ ದೇಹದಲ್ಲಿ ಎರಡು ಗಳಿಗೆ ಕಳೆದರೆ, ಅಂದರೆ ಮುಕ್ಕಾಲು ತಾಸಿನ ಮೇಲೆ, ಲೆಕ್ಕವಿಲ್ಲದಷ್ಟು ಸೂಕ್ಷ್ಮ ಜೀವಗಳು ಹುಟ್ಟುತ್ತವೆ. ಆಮೇಲೆ ಸುಟ್ಟರೆ ಅವನ್ನೆಲ್ಲ ಸುಟ್ಟ ಪಾಪ. ಅದಕ್ಕೇ ನಮ್ಮಲ್ಲಿ ಹೆಣವನ್ನು ಇಟ್ಟುಕೊಂಡು ಕೂರುವುದಿಲ್ಲ, ಹೊತ್ತು ಮುಳುಗಿದ ಮೇಲೆ ಬೆಂಕಿ ಇಡುವುದೂ ಇಲ್ಲ.

ಅವ್ವ ಹಾಸಿಗೆ ಹಿಡಿದದ್ದು ತೊಂಬತ್ತರ ದಶಕದ ಶುರುವಿನ ಒಂದು ಬೇಸಿಗೆಯಲ್ಲಿ. ಸಾಯುವ ನಾಲ್ಕು ದಿನ ಮೊದಲು ನನ್ನ ಕೈ ಹಿಡಿದು, "ಎರಡ ಗಳಿಗ್ಯಾಗ ಆಗೂದಿಲ್ಲ ಅನ್ನೂದು ನನಗೂ ಗೊತ್ತೈತಿ. ಕಟಗಿ ತರಬೇಕು, ಮಂದಿ ಕೂಡಬೇಕು. ಆದ್ರ ಬಿಸಲ ಏರೂದ್ರಾಗ ಮುಗಸಪಾ. ನನ್ನ ಮೈಯಾಗ ಜೀವ ಹುಟ್ಟಾಕ ಬಿಡಬ್ಯಾಡ, ಅವನ್ನ ಸುಡಬ್ಯಾಡ. ಇಡೀ ಜಲ್ಮ ಸೋಸಿದ್ದ ನೀರ ಕುಡದೇನಿ" ಎಂದಳು. ಅವಳು ಜೀವನದಲ್ಲಿ ನನ್ನನ್ನು ಕೇಳಿದ್ದು ಇದೊಂದೇ. ನಾನು ಆಗಲಿ ಎಂದು ಅವಳ ಕೈಮೇಲೆ ಕೈಯಿಟ್ಟು ಹೇಳಿದೆ.

ಬೆಳಗಿನ ಆರಕ್ಕೆ ಅವ್ವ ಹೋದಳು. ಏಳೂವರೆಗೆ ಕಟ್ಟಿಗೆಯ ಬಂಡಿ ಸ್ಮಶಾನಕ್ಕೆ ಹೋಗಿತ್ತು, ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದರು, ಬಸದಿಯ ಪಂಡಿತರು ಬಂದು ಣಮೋಕಾರ ಮಂತ್ರ ಹೇಳುತ್ತ ಕೂತಿದ್ದರು. ಮಾವ ಎರಡು ದಿನ ಮೊದಲೇ ಬಂದಿದ್ದ. ಎಲ್ಲ ಅವ್ವ ಹೇಳಿದಂತೆಯೇ ನಡೆದಿತ್ತು. ಉಳಿದದ್ದು ನನ್ನ ಅಣ್ಣನಿಗೆ ಸುದ್ದಿ ಮುಟ್ಟಿಸುವುದು. ಅಣ್ಣ ಕಲಕತ್ತೆಯಲ್ಲಿ ಒಂದು ಕಂಪನಿಯ ಅಧಿಕಾರಿ, ವರ್ಷಕ್ಕೊಮ್ಮೆ ಬರುವವನು. ಪೋಸ್ಟ್ ಮಾಸ್ತರರು ನಮಗಾಗಿ ಬೇಗ ಬಾಗಿಲು ತೆರೆದು ಟ್ರಂಕ್ ಕಾಲ್ ಹಚ್ಚಿಕೊಟ್ಟರು. ಎಂಟಕ್ಕೆ ಲೈನ್ ಸಿಕ್ಕಿತು. ಅಣ್ಣ ಅತ್ತ. ಅತ್ತು ಮುಗಿಸಿ, "ನಾ ಬರೂ ತನಕ ಎತ್ತಬ್ಯಾಡ್ರಿ. ನಾ ಹಿರೀ ಮಗ ಅದೀನಿ. ವಿಮಾನದಾಗ ಬರ್ತೀನಿ" ಎಂದ. ನಾನು ಅವ್ವನ ಮಾತು ಹೇಳುವಷ್ಟರಲ್ಲಿ ಲೈನ್ ಕಟ್ಟಾಯಿತು.

ಅಂಗಳಕ್ಕೆ ಬಂದು ಸುದ್ದಿ ಹೇಳಿದೆ. ವಿಮಾನ ಎಂಬ ಮಾತು ಕೇಳಿದ್ದೇ ತಡ, ಬಿದಿರು ಕಟ್ಟುತ್ತಿದ್ದವರ ಕೈ ನಿಂತಿತು. ನಮ್ಮ ಸೀಮೆಯಲ್ಲಿ ಯಾರ ಮಣ್ಣಿಗೂ, ಅಂದರೆ ಅಂತ್ಯಕ್ರಿಯೆಗೂ, ಅಲ್ಲಿಯವರೆಗೆ ಒಬ್ಬ ಮನುಷ್ಯ ವಿಮಾನದಲ್ಲಿ ಬಂದಿರಲಿಲ್ಲ. ಮಾವ ಎದ್ದು ಟವೆಲ್ಲು ಕೊಡವಿ ಎಲ್ಲರಿಗೂ ಕೇಳುವಂತೆ, "ನೀ ಹೇಳೋ ಮಾಸ್ತರ. ಕಲಕತ್ತಾದಿಂದ ಮುಂಬಯಿಗೆ ಎಷ್ಟ ತಾಸು?" ಎಂದ.

ಸುಮಾರು ಸಾವಿರದ ಆರುನೂರೈವತ್ತು ಕಿಲೋಮೀಟರ್. ನೋಟ್‌ಬುಕ್ಕಿನ ಎರಡನೆಯ ಪುಟ. "ಎರಡೂವರಿ ತಾಸು" ಎಂದೆ. ಅವ್ವ ಒಳಗೆ ಮಲಗಿದ್ದಳು, ನಾನು ಎದೆ ಮುಂದೆ ಮಾಡಿ ಎರಡೂವರಿ ತಾಸು ಎಂದೆ.

"ಅಬಾಬಾ, ಬರೇ ಎರಡೂವರಿ!" ಎಂದರು ಜನ. "ನಾವು ಚಿಕ್ಕೋಡಿ ಕೋರ್ಟಿಗೆ ಹೋಗಿ ಮುಟ್ಟೂದ್ರಾಗ ಇಂವ ಕಲಕತ್ತಾದಿಂದ ಬರ್ತಾನಲ್ರಿ." ಮಾವ ಬೆರಳು ಮಡಚಿ ಲೆಕ್ಕ ಹಾಕಿದ. "ಹನ್ನೊಂದಕ್ಕ ಹತ್ತಿದ್ರ ಒಂದೂವರಿಗೆ ಮುಂಬಯಿ. ಮುಂಬಯಿಯಿಂದ ಬೆಳಗಾವಿಗೆ?" ನಾನು ಒಂದು ತಾಸು ಎಂದೆ. "ಎರಡೂವರಿಗೆ ಬೆಳಗಾವಿ. ಅಲ್ಲಿಂದ ಗಾಡಿ ಮಾಡಿದ್ರ ಐದಕ್ಕ ಇಲ್ಲಿ. ಹೊತ್ತ ಮುಣಗೂದ್ರಾಗ ಬರೋಬ್ಬರಿ ಆಕ್ಕೈತಿ."

ಆಗ ನಾನು ಬಾಯಿ ತೆರೆದದ್ದು ಖರೆ. ಕಲಕತ್ತೆಯಲ್ಲಿ ಟಿಕೆಟ್ ಸಿಗಬೇಕು. ಮನೆಯಿಂದ ನಿಲ್ದಾಣಕ್ಕೆ ಹೋಗಬೇಕು, ಹೋಗಿ ಎರಡು ತಾಸು ಕಾಯಬೇಕು. ಬೆಳಗಾವಿಗೆ ಬರುವ ಸಣ್ಣ ವಿಮಾನ ದಿನಾಲೂ ಇಲ್ಲ, ಇದ್ದ ದಿನವೂ ಬಂದರೆ ಬಂತು. ಇಷ್ಟೂ ನನಗೆ ಗೊತ್ತಿತ್ತು. ಆದರೆ ಅಂಗಳದ ತುಂಬ ಜನ ನನ್ನ ಮುಖವನ್ನೇ ನೋಡುತ್ತಿದ್ದರು, ಅದು ನನಗೆ ಹಿತವಾಗಿತ್ತು. ತೆರೆದ ಬಾಯಿ ಮುಚ್ಚಿದೆ.

ಪಂಡಿತರು ಮಂತ್ರ ನಿಲ್ಲಿಸಿ, "ಮಾಸ್ತರ, ನಿಮ್ಮ ಅವ್ವಾರು ಏನ ಹೇಳಿದ್ರು ನೆನಪ ಐತ್ಯೋ?" ಎಂದರು. "ಐತ್ರಿ" ಎಂದೆ. ಅವರು ಮತ್ತೆ ಮಂತ್ರ ಹಿಡಿದರು.

ಹತ್ತು ಗಂಟೆಗೆ ತಗಡಿನ ಮಾಡು ಕಾಯತೊಡಗಿತು. ಕರೆಂಟು ಇರಲಿಲ್ಲ. ಸುತ್ತ ಕಬ್ಬು, ಸಕ್ಕರೆ ಕಾರ್ಖಾನೆಯ ಕಾಕಂಬಿಯ ಹುಳಿ ವಾಸನೆ, ಆ ವಾಸನೆಗೆ ವರ್ಷವಿಡೀ ಸಾಯದ ನೊಣ. ಅವು ಮೊದಲು ಹೊಸ್ತಿಲಲ್ಲಿ ಕೂತವು, ಆಮೇಲೆ ಗೋಡೆಯ ಮೇಲೆ, ಆಮೇಲೆ ಎಲ್ಲಿ ಕೂತವು ಎಂದು ಹೇಳಬೇಕಿಲ್ಲ. ಚಿಕ್ಕವ್ವ, ಅಂದರೆ ಅವ್ವನ ತಂಗಿ, ಗಂಡ ಸತ್ತ ಮೇಲೆ ನಮ್ಮ ಮನೆಯಲ್ಲೇ ಇದ್ದವಳು, ಬೀಸಣಿಗೆ ಹಿಡಿದು ಅವ್ವನ ತಲೆಯ ಹತ್ತಿರ ಕೂತಳು. ದಿನಕ್ಕೆ ಒಂದೇ ಹೊತ್ತು ಊಟ, ಆಗಲೇ ನೀರು, ಇದು ಅವಳ ವ್ರತ. ಹೆಣ ಎತ್ತುವವರೆಗೆ ಅದೂ ಇಲ್ಲ. ಬೀಸುವುದನ್ನು ಬಿಟ್ಟರೆ ಅವಳು ಏನೂ ಮಾಡುವಂತಿರಲಿಲ್ಲ.

ಹೊರಗೆ ಮಾತ್ರ ಜಾತ್ರೆ. ಕಾಗವಾಡದಿಂದ, ಅಥಣಿಯಿಂದ, ಅವ್ವನ ಮುಖ ಒಮ್ಮೆಯೂ ನೋಡದವರು ಬಂದರು. ವಿಮಾನದಲ್ಲಿ ಬರುವ ಮಗನನ್ನು ನೋಡಲು ಬಂದರು. ಒಬ್ಬ ದೊಡ್ಡ ಮನುಷ್ಯ, ಹತ್ತು ಎಕರೆ ಕಬ್ಬಿನ ಒಡೆಯ, ನಮ್ಮ ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತ, "ಹಾದ್ಯಾಗ ಇಲ್ಲೇ ಮ್ಯಾಲಿಂದ ಹೋಗತಾನೇನ್ರಿ?" ಎಂದು ನನ್ನನ್ನು ಕೇಳಿದ. ನಾನು ಅವನಿಗೆ ವಿಮಾನದ ಹಾದಿ ಯಾವ ಊರುಗಳ ಮೇಲಿಂದ ಹೋಗುತ್ತದೆ ಎಂದು ವಿವರಿಸಿದೆ! ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದೆ. ಈಗ ನೆನೆದರೆ ಆ ಕಡ್ಡಿ ಹಿಡಿದ ಕೈ ಕಡಿದು ಎಸೆಯಬೇಕು ಎನಿಸುತ್ತದೆ.

ಎರಡು ಗಂಟೆಯ ಹೊತ್ತಿಗೆ ಊದಿನಕಡ್ಡಿ ಸೋತವು. ಮಾವ ಜೀಪಿನಲ್ಲಿ ಒಬ್ಬನನ್ನು ಮೀರಜಿಗೆ ಕಳಿಸಿ ಬರ್ಫ ತರಿಸಿದ. ನಾಲ್ಕರ ಸುಮಾರಿಗೆ ಗೋಣಿಚೀಲದಲ್ಲಿ ಸುತ್ತಿದ ನಾಲ್ಕು ಗಡ್ಡೆ ಬಂದವು. ಗಡಿಬಿಡಿಯಲ್ಲಿ ಅವ್ವನ ಎರಡೂ ಮಗ್ಗುಲಿಗೆ ಇಟ್ಟೆವು. ಸ್ವಲ್ಪ ಹೊತ್ತಿಗೆ ಚಿಕ್ಕವ್ವ ಬೀಸಣಿಗೆ ಕೆಳಗಿಟ್ಟು, ಅವ್ವನ ಸೀರೆಯ ಅಂಚಿನಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು. "ಇದೇನೋ?" ಎಂದಳು. ಉಗುರಿನಷ್ಟು, ತೆಳ್ಳಗೆ, ಹೊಳೆಯುತ್ತಿತ್ತು. ಅವಳು ಜನ್ಮದಲ್ಲಿ ಅದನ್ನು ಕಂಡವಳಲ್ಲ. ನಾನು ಪುಣೆಯ ಪೇಟೆಯಲ್ಲಿ ಕಂಡಿದ್ದೆ. ಅದು ಮೀನಿನ ಪರೆ. ಆ ಹೊತ್ತಿಗೆ ಬರ್ಫ ಎಲ್ಲಿ ಸಿಗುತ್ತದೆ? ಮೀನು ಮಾರುವವರ ಹತ್ತಿರ. ಕರಗಿದ ನೀರು ಗೋಣಿಯ ವಾಸನೆ ಹೊತ್ತು ಅವ್ವನ ಬೆನ್ನಿನ ಕೆಳಗೆ ಹರಿಯುತ್ತಿತ್ತು. ಉಳ್ಳಾಗಡ್ಡಿ ಕೂಡ ಒಳಗೆ ಬಾರದ ಮನೆ ಅದು.

ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿದೆ. ಚಿಕ್ಕವ್ವನಿಗೆ ಅದು ಏನೆಂದು ಹೇಳಲಿಲ್ಲ. ಆದರೆ ನನ್ನ ವಾಂತಿಯ ಸದ್ದು ಕೇಳಿ ಅವಳು ತಿಳಿದುಕೊಂಡಳು ಎಂದು ಕಾಣುತ್ತದೆ. ಬಂದು ನೋಡಿದರೆ ಒಬ್ಬಳೇ ಬರ್ಫದ ಗಡ್ಡೆಗಳನ್ನು ಎಳೆದೆಳೆದು ಹೊರಗೆ ಹಾಕುತ್ತಿದ್ದಳು.

ಐದಕ್ಕೆ ಅಣ್ಣ ಬರಲಿಲ್ಲ. ಬಂದದ್ದು ಪೋಸ್ಟ್ ಮಾಸ್ತರರು. ಅಣ್ಣ ಫೋನ್ ಮಾಡಿದ್ದ: ಬೆಳಗಿನ ವಿಮಾನದಲ್ಲಿ ಜಾಗ ಸಿಗಲಿಲ್ಲ, ಸಂಜೆಯದು ಸಿಕ್ಕಿದೆ, ಮುಂಬಯಿಯಿಂದ ಬೆಳಗಾವಿಗೆ ನಾಳೆ ವಿಮಾನವಿಲ್ಲ, ಬಸ್ಸು ಹಿಡಿದು ಬರುತ್ತೇನೆ. ಪಂಡಿತರು ಎದ್ದು ಪಶ್ಚಿಮಕ್ಕೆ ನೋಡಿದರು. "ಇನ್ನೂ ಹೊತ್ತ ಐತಿ. ಈಗರೆ ಎತ್ರಿ. ತಪ್ಪ ಆಗೇತಿ, ಹೋಗ್ಲಿ. ನಾಳಿ ತನಕ ಬ್ಯಾಡ್ರಿ" ಎಂದರು. ಮಾವ, "ಹಂಗೆಂಗ್ರಿ? ಅಷ್ಟ ದೂರದಿಂದ ಹಿರೀ ಮಗ ವಿಮಾನದಾಗ ಬರಾಕತ್ತಾನ. ಬಂದ ಬೂದಿ ನೋಡ್ಲಿ ಅಂತೀರೇನು?" ಎಂದ. ಇಬ್ಬರೂ ನನ್ನ ಕಡೆ ತಿರುಗಿದರು. ಚಿಕ್ಕವ್ವ ಬಾಗಿಲಿಗೆ ಬಂದು ನಿಂತು, ಒಣಗಿದ ಬಾಯಿಯಿಂದ, "ನೀ ಒಂದ ಮಾತ ಅಂದ್ರ ಮುಗೀತೈತಿ. ಅನ್ನೋ" ಎಂದಳು.

ನಾನು ಅನ್ನಲಿಲ್ಲ. ಕಾರಣವನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆ. ಈಗ ಎತ್ತಿದರೆ ಆ ಇಡೀ ದಿನ ಅವ್ವನನ್ನು ಕೊಳೆಯಲು ಬಿಟ್ಟದ್ದು ನನ್ನ ಎರಡೂವರೆ ತಾಸಿನ ಮಾತಿನಿಂದ, ಅದೂ ಬರೀ ದಂಡ ಎಂದು ಎಲ್ಲರೆದುರು ಒಪ್ಪಿದಂತೆ. ಅಣ್ಣ ಬರುವವರೆಗೆ ಕಾದರೆ ಕಾದದ್ದಕ್ಕೆ ಒಂದು ಅರ್ಥವಾದರೂ ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿದೆ. ಥೂ ನನ್ನ ಲೆಕ್ಕಕ್ಕೆ. "ಅಣ್ಣ ಬರ್ಲಿ" ಎಂದೆ. ಹೊತ್ತು ಮುಳುಗಿತು.

ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಬೆಳಗಾದಾಗ ಮನೆಯೊಳಗೆ ಚಿಕ್ಕವ್ವ ಒಬ್ಬಳೇ ಇದ್ದಳು, ಉಳಿದವರೆಲ್ಲ, ನಾನೂ ಸೇರಿ, ರಸ್ತೆಯ ಆಚೆ ಬೇವಿನ ಮರದ ಕೆಳಗಿದ್ದೆವು.

ಅಣ್ಣ ಬಂದದ್ದು ಹನ್ನೊಂದೂವರೆಗೆ, ಮೀರಜಿನಿಂದ ಮಾಡಿಕೊಂಡ ಬಾಡಿಗೆ ಮೋಟಾರಿನಲ್ಲಿ. ಕೈಯಲ್ಲಿದ್ದ ಬ್ಯಾಗಿಗೆ ವಿಮಾನದ ಚೀಟಿ ಇನ್ನೂ ನೇತಾಡುತ್ತಿತ್ತು. ನಾಲ್ಕು ಜನ ಹತ್ತಿರ ಹೋಗಿ ಆ ಚೀಟಿ ಮುಟ್ಟಿ ನೋಡಿದರು. ಅಣ್ಣ ಅಳುತ್ತ ಬಾಗಿಲವರೆಗೆ ಹೋದ, ಹೊಸ್ತಿಲ ಮೇಲೆ ಕಾಲಿಟ್ಟ, ಕಿಸೆಯಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದ. "ನನ್ನಿಂದ ಆಗೂದಿಲ್ಲ. ಲಗೂ ಎತ್ರಿ" ಎಂದ. ಒಂದು ಹಗಲು, ಒಂದು ರಾತ್ರಿ ನಾವು ಯಾವ ಮುಖದರ್ಶನಕ್ಕೆ ಅವ್ವನನ್ನು ಇಟ್ಟುಕೊಂಡಿದ್ದೆವೋ ಅದನ್ನು ಅವನು ನೋಡಲೇ ಇಲ್ಲ. ಅವನ ಮೇಲೆ ನನಗೆ ಎಷ್ಟು ಹೇಸಿಗೆಯಾಯಿತೆಂದರೆ ಆ ಕರವಸ್ತ್ರ ಕಿತ್ತು ನೆಲಕ್ಕೆ ಎಸೆಯಬೇಕು ಎನಿಸಿತು.

ಆಗ ಮಾವ ಅಣ್ಣನ ಹೆಗಲ ಮೇಲೆ ಕೈಯಿಟ್ಟು ಕೇಳಿದ, "ಕಲಕತ್ತಾದಿಂದ ಮುಂಬಯಿಗೆ ಎಷ್ಟ ತಾಸ ಹಿಡೀತಪಾ?"

ಅಣ್ಣ ಕರವಸ್ತ್ರದೊಳಗಿಂದಲೇ, "ಎರಡೂವರಿ" ಎಂದ.

ಮಾವ ಜನರ ಕಡೆ ತಿರುಗಿ, "ನೋಡ್ರಿ, ನಮ್ಮ ಮಾಸ್ತರ ಹೇಳಿದ್ದು ಕರೆಕ್ಟ್" ಎಂದ. ಬೇವಿನ ಮರದ ಕೆಳಗಿದ್ದವರು ತಲೆದೂಗಿದರು. ನನ್ನನ್ನು ಯಾರಾದರೂ ಚಪ್ಪಲಿಯಿಂದ ಹೊಡೆದಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಸ್ಮಶಾನದಲ್ಲಿ ಕಟ್ಟಿಗೆಯ ಮೇಲೆ ಇಡುವಾಗ ಹೊದಿಕೆ ಸರಿಯಿತು. ನಾನು ತಲೆಯ ಕಡೆ ಇದ್ದೆ. ಕಂಡದ್ದನ್ನು ಬಿಡಿಸಿ ಹೇಳಲಾರೆ, ಅವ್ವ ಯಾವುದಕ್ಕೆ ಹೆದರಿದ್ದಳೋ ಅದು ಆಗಿತ್ತು, ಅದೂ ಸೂಕ್ಷ್ಮವಾಗಿ ಅಲ್ಲ, ಬರಿಗಣ್ಣಿಗೆ ಕಾಣುವ ಹಾಗೆ, ಹರಿದಾಡುವ ಹಾಗೆ. ಪಂಡಿತರು ಕಂಡು ಮುಖ ಆಚೆ ಮಾಡಿದರು. ಅಣ್ಣ ದೂರದಿಂದಲೇ ಕೊಳ್ಳಿ ಮುಟ್ಟಿಸಿದ. ನಾನು ಹೊದಿಕೆಯನ್ನು ಎಳೆದು ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಕೈ ಮುಂದೆ ಹೋಗಲಿಲ್ಲ. ನನ್ನನ್ನು ಹೆತ್ತವಳನ್ನು ಮುಟ್ಟಲು ನನಗೆ ಹೇಸಿಗೆಯಾಯಿತು.

ಸಂಜೆ ಹೊತ್ತು ಮುಳುಗುವ ಮುನ್ನ ಚಿಕ್ಕವ್ವ ಸ್ನಾನ ಮಾಡಿ, ಸೋಸಿದ ನೀರು ಒಂದು ಬಟ್ಟಲು ಕುಡಿದಳು. ನಾನು ಎದುರಿಗೆ ಕೂತಿದ್ದೆ. ಅವಳು ನನ್ನನ್ನು ಬೈಯಲಿಲ್ಲ. ಆಮೇಲೆ ಬದುಕಿದ್ದ ಆರೇಳು ವರ್ಷವೂ ನನ್ನ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ, ಅಷ್ಟೇ.

ಮಾವನಿಗೆ ಏನೂ ಆಗಲಿಲ್ಲ. ನಿಪ್ಪಾಣಿಯಲ್ಲಿ, ರಾಯಬಾಗದಲ್ಲಿ, ಅಕ್ಕನ ಮಣ್ಣಿಗೆ ಮಗ ವಿಮಾನದಲ್ಲಿ ಬಂದದ್ದನ್ನು ಹೇಳುತ್ತ ಅಡ್ಡಾಡಿದ. ನಾನು ಅವನ ಪಂಕ್ತಿಗೆ ಹೋಗುವುದನ್ನು ಬಿಟ್ಟೆ. ಶಾಲೆಯಲ್ಲಿ ಪಾಠದ ಪುಸ್ತಕ ಬಿಟ್ಟು ಬೇರೆ ಏನೂ ಹೇಳಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಣ್ಣ ಒಮ್ಮೆ ಬಂದಾಗ ಚಿಕ್ಕೋಡಿಯ ನನ್ನ ಖೋಲಿಯಲ್ಲಿ ಒಂದು ದಿನ ಉಳಿದ. ಚಹಾ ಕುಡಿಯುತ್ತ ಅವ್ವನ ಮಾತು ತೆಗೆದ. "ನಂಗ ಅವ್ವ ಅಂದ್ರ ಕಣ್ಣಿಗೆ ಕಟ್ಟಿದಂಗ ಐತಿ ನೋಡು. ಕಡೀ ಸಲ ನಾ ಹೊಂಟಾಗ ಬಾವಿ ಕಟ್ಟಿಮ್ಯಾಲೆ ನಿಂತ, ಕೈಯಾಗ ಹಸೀ ಅರಬಿ ಹಿಡಕೊಂಡ ನಗತಿದ್ಲು. ಹಲ್ಲಿನ ಸಂದಿ ಸೈತ ನೆನಪ ಐತಿ" ಎಂದ. ಹೇಳುತ್ತ ಅವನ ಮುಖದ ಮೇಲೂ ಅದೇ ನಗೆ ಬಂತು. ಮುಖದರ್ಶನಕ್ಕೆ ಬಂದು ಮುಖ ನೋಡದೆ ಹೋದವನಿಗೆ ಅವ್ವನ ಮುಖ ಪೂರ್ತಿ ಉಳಿದಿತ್ತು. "ನಿನಗ?" ಎಂದ.

"ನಂಗೂ ಹಂಗ" ಎಂದೆ. ಸುಳ್ಳು. ಅವ್ವನ ಮುಖ ನೆನೆಯಲು ಕೂತಾಗಲೆಲ್ಲ ನನ್ನ ಕೈ ತಾನಾಗಿಯೇ ಮೂಗಿಗೆ ಹೋಗುತ್ತದೆ.